ಹಾಡಿನೊಳಗಿನ ಮಾತು: ಧಾರವಾಡ ಸೀಮೆಯ ಗೀಗೀಪದ, ಪಾರಿಜಾತ, ಸಣ್ಣಾಟಗಳ ಗದ್ಯಭಾಗವನ್ನು ಕುರಿತು

ಸಾರಾಂಶ

ಹುಬ್ಬಳ್ಳಿ–ಧಾರವಾಡ ಹಾಗೂ ಸುತ್ತಲಿನ ಸೀಮೆಯ ಗೀಗೀಪದ, ಚೌಡಿಕೆ ಪದ, ಶ್ರೀಕೃಷ್ಣ ಪಾರಿಜಾತ, ಸಣ್ಣಾಟ ಮೊದಲಾದ ಪ್ರಕಾರಗಳಲ್ಲಿ ಹಾಡಿನ ನಡುವೆ ಆಡುವ ಮಾತು ಪ್ರದರ್ಶನದ ಅವಿಭಾಜ್ಯ ಅಂಗ. 'ನಾಟಕ' ಎಂದು ಗುರುತಿಸಿದ ಪ್ರಕಾರಗಳಲ್ಲಿ ಈ ಮಾತು ಅಚ್ಚಿಗೆ ಬಂದಿದೆ. 'ಹಾಡು' ಎಂದು ಗುರುತಿಸಿದವುಗಳಲ್ಲಿ ಬಹುಮಟ್ಟಿಗೆ ಬಿಟ್ಟುಹೋಗಿದೆ. ಈ ಲೋಪದಿಂದ ಧಾರವಾಡ ಕನ್ನಡದ ವ್ಯಾಕರಣಕ್ಕೆ ಅಗತ್ಯವಾದ ಆಧಾರಸಾಮಗ್ರಿ ನಷ್ಟವಾಗುವುದಲ್ಲದೆ, ಅಚ್ಚಾಗಿ ಉಳಿದ ಹಾಡಿನ ಅರ್ಥವೂ ತಪ್ಪುತ್ತದೆ ಎಂಬುದು ಲೇಖನದ ವಾದ. ಕ್ರಿಯಾರೂಪ, ಪದಕ್ರಮ, ಸಂಬೋಧನೆ ಎಂಬ ಮೂರು ನೆಲೆಗಳಲ್ಲಿ ಈ ವಾದವನ್ನು ಪರಿಶೀಲಿಸಿ, ಲಿಪ್ಯಂತರಕ್ಕೆ ಕೆಲವು ಸೂಚನೆಗಳನ್ನು ಮುಂದಿಡಲಾಗಿದೆ.

ಕೀಲಿಪದಗಳು: ಧಾರವಾಡ ಕನ್ನಡ, ಗೀಗೀಪದ, ಹಾಡು–ಮಾತು ಸಂಬಂಧ, ಪಠ್ಯಸಂಪಾದನೆ, ಸಂಬೋಧನೆ

1. ಸಮಸ್ಯೆಯ ಸ್ವರೂಪ

ಕನ್ನಡದಲ್ಲಿ 'ಆಡು' ಎಂಬ ಧಾತುವಿಗೆ ನುಡಿಯುವುದೂ ಅರ್ಥ, ಅಭಿನಯಿಸುವುದೂ ಅರ್ಥ. ಮಾತನ್ನು ಆಡುತ್ತೇವೆ, ಬಯಲಾಟವನ್ನೂ ಆಡುತ್ತೇವೆ. 'ಹಾಡು' ಎಂಬುದು ಹಳಗನ್ನಡದ 'ಪಾಡು' ಎಂಬುದರಿಂದ ಬಂದ ಬೇರೆ ಧಾತು. ಆದರೂ ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಾತ್ರೆಗಳಲ್ಲಿ ಇರುಳಿಡೀ ನಡೆಯುವ ಹಾಡಿಕೆಯಲ್ಲಿ ಈ ಎರಡು ಕ್ರಿಯೆಗಳು ಬೇರೆಬೇರೆಯಾಗಿ ನಿಲ್ಲುವುದಿಲ್ಲ. ದಪ್ಪು, ತುಂತುಣಿ, ತಾಳಗಳೊಡನೆ ಮುಂದಾಳು ಒಂದು ನುಡಿಯನ್ನು ಹಾಡುತ್ತಾನೆ. ಹಿಮ್ಮೇಳದವರು 'ಗೀಗೀ' ಎಂಬ ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಬಳಿಕ ಮುಂದಾಳು ಹಾಡನ್ನು ನಿಲ್ಲಿಸಿ ನೆರೆದವರತ್ತ ತಿರುಗಿ ಮಾತನಾಡುತ್ತಾನೆ. ಹಾಡಿದ್ದನ್ನು ಬಿಡಿಸಿ ಹೇಳುತ್ತಾನೆ, ಮುಂದಿನ ಪ್ರಸಂಗಕ್ಕೆ ದಾರಿ ಮಾಡುತ್ತಾನೆ, ಎದುರಿನ ಮೇಳಕ್ಕೆ ಸವಾಲು ಹಾಕುತ್ತಾನೆ. ಮತ್ತೆ ವಾದ್ಯ ಏರುತ್ತದೆ.

ಈ ಮಾತಿನ ಭಾಗಕ್ಕೆ ನಮ್ಮ ಜಾನಪದ ಸಂಕಲನಗಳಲ್ಲಿ ಎಂಥ ಸ್ಥಾನ ದೊರೆತಿದೆ? ಭಾಷಾವಿಜ್ಞಾನಕ್ಕೆ ಅದರಿಂದ ಏನು ಪ್ರಯೋಜನ? ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಾತನ್ನು ಹಾಡಿನ ಪರಿಕರವೆಂದು ಭಾವಿಸಿ ಬಿಟ್ಟುಬಿಡುವ ಸಂಪಾದಕನು, ತನಗೆ ಅರಿವಿಲ್ಲದೆಯೇ, ಉಪಭಾಷೆಯ ವಾಕ್ಯರಚನೆ ಛಂದಸ್ಸಿನ ಕಟ್ಟಿನಿಂದ ಬಿಡುಗಡೆ ಹೊಂದುವ ಭಾಗವನ್ನೇ ಬಿಟ್ಟಿರುತ್ತಾನೆ.

2. ಚಂಪುವಿನ ನಾಡಿನಲ್ಲಿ ಗದ್ಯದ ಲೋಪ

ಗದ್ಯಪದ್ಯಗಳ ಬೆರಕೆ ಕನ್ನಡಕ್ಕೆ ಹೊಸದಲ್ಲ. ಪಂಪನ 'ವಿಕ್ರಮಾರ್ಜುನ ವಿಜಯ' (941) ಚಂಪೂಕೃತಿ. ವೃತ್ತ ಕಂದಗಳ ನಡುವೆ ಬರುವ ಗದ್ಯವನ್ನು ತೆಗೆದುಹಾಕಿ ಪಂಪಭಾರತವನ್ನು ಅಚ್ಚು ಹಾಕಲು ಯಾವ ಸಂಪಾದಕನೂ ಮುಂದಾಗಿಲ್ಲ. ಶೂನ್ಯಸಂಪಾದನೆಗಳಲ್ಲಿ ವಚನಗಳನ್ನು ಹೊಂದಿಸುವ ನಿರೂಪಣೆಯ ಗದ್ಯವಿದೆ. ಆ ಗದ್ಯವೇ ಬಿಡಿ ವಚನವೊಂದನ್ನು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಆಡಿದರೆಂದು ನಿಶ್ಚಯಿಸುತ್ತದೆ. ಅದನ್ನು ಕಿತ್ತರೆ ಕೃತಿ ಕೃತಿಯಾಗಿ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಸಮ್ಮತ. ಶಿಷ್ಟಪರಂಪರೆಗೆ ನಾವು ತೋರುವ ಈ ಎಚ್ಚರ ಹಾಡಿಕೆಯ ಪರಂಪರೆಗೆ ಏಕೆ ದೊರೆಯಲಿಲ್ಲ?

ಕಾರಣಗಳು ಸಂಗ್ರಹಕಾರ್ಯದ ಚರಿತ್ರೆಯಲ್ಲಿವೆ. ಮುಂಬಯಿ ಕರ್ನಾಟಕದಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ 1885ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕನ್ನಡ ಲಾವಣಿಗಳನ್ನು ಕಂತುಕಂತಾಗಿ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರು, ವರಮಾನ ತೆರಿಗೆ, ಸಂಗ್ಯಾನ ಕೊಲೆ ಇವೇ ಮೊದಲಾದ ವಸ್ತುಗಳ ಆ ಲಾವಣಿಗಳು ನಮಗೆ ದೊರೆತಿರುವ ಅಮೂಲ್ಯ ದಾಖಲೆ. ಫ್ಲೀಟರ ದೃಷ್ಟಿ ಯುರೋಪಿನ ಬ್ಯಾಲಡ್ ಸಂಪ್ರದಾಯದ್ದು. ಅಲ್ಲಿ ಕಥನಗೀತವೆಂದರೆ ಪದ್ಯ. ಮುಂದೆ ಹಲಸಂಗಿಯ ಗೆಳೆಯರು ಗರತಿಯ ಹಾಡುಗಳನ್ನು 1931ರಲ್ಲಿಯೂ ಲಾವಣಿಗಳನ್ನು 'ಜೀವನ ಸಂಗೀತ' ಎಂಬ ಹೆಸರಿನಿಂದ 1933ರಲ್ಲಿಯೂ ಹೊರತಂದಾಗ ಅವರ ಎದುರಿಗಿದ್ದ ಗುರಿ ಬೇರೆ: ಹಳ್ಳಿಗರ ಹಾಡು ಕಾವ್ಯವೆಂಬ ಮನ್ನಣೆಗೆ ಅರ್ಹವೆಂದು ಓದುಬಲ್ಲ ಸಮಾಜಕ್ಕೆ ತೋರಿಸಿಕೊಡುವುದು. ಆ ಗುರಿಗೆ ಪದ್ಯವೇ ಸಾಕಾಗಿತ್ತು, ಪದ್ಯವೇ ಬೇಕಾಗಿತ್ತು. ಅಂದಿನ ಆಯ್ಕೆಯನ್ನು ದೂಷಿಸುವುದು ಅನುಚಿತ. ಆದರೆ ಆ ಆಯ್ಕೆ ಮುಂದಿನ ತಲೆಮಾರಿನಲ್ಲಿ ಪದ್ಧತಿಯಾಗಿ ಗಟ್ಟಿಗೊಂಡಿತು. ಧ್ವನಿಮುದ್ರಣದ ಸೌಕರ್ಯ ಬಂದ ಮೇಲೂ 'ಪದ' ಎಂದರೆ ಹಾಡಿದ ಭಾಗ ಮಾತ್ರ ಎಂಬ ಎಣಿಕೆ ಹಾಗೆಯೇ ಮುಂದುವರಿಯಿತು.

ಸಂಗ್ಯಾನ ವಸ್ತುವೇ ಇಲ್ಲಿ ಒಳ್ಳೆಯ ನಿದರ್ಶನ. ಬೈಲಹೊಂಗಲ ಸೀಮೆಯ ಈ ಕೊಲೆಯ ಕಥೆ ಫ್ಲೀಟರಲ್ಲಿ ಲಾವಣಿಯಾಗಿದೆ. ಅದೇ ಕಥೆ 'ಸಂಗ್ಯಾ–ಬಾಳ್ಯಾ' ಎಂಬ ಸಣ್ಣಾಟವಾಗಿ ಆಡಲ್ಪಟ್ಟು, ಚಂದ್ರಶೇಖರ ಕಂಬಾರರ ಸಂಪಾದನೆಯಲ್ಲಿ ಅಚ್ಚಿಗೂ ಬಂದಿದೆ. ಸಣ್ಣಾಟದ ಪಠ್ಯದಲ್ಲಿ ಪದದ ಜೊತೆಗೆ ಮಾತೂ ಇದೆ, ಏಕೆಂದರೆ ಅದು ನಾಟಕ. ನಾಟಕದ ಸಂಭಾಷಣೆಯನ್ನು ಬಿಡುವಂತಿಲ್ಲ. ಗೆಳೆಯನಿಗೆ ಎರಡು ಬಗೆಯುವ ಬಾಳ್ಯಾನ ಒಳಗುದಿ ಓದುಗನಿಗೆ ತಿಳಿಯುವುದು ಪದಗಳಷ್ಟೇ ಮಾತಿನಿಂದ. ಒಂದೇ ಸೀಮೆಯ, ಒಂದೇ ವಸ್ತುವಿನ ಎರಡು ಪ್ರಕಾರಗಳಲ್ಲಿ ಒಂದರ ಮಾತು ಉಳಿದು ಇನ್ನೊಂದರದು ಅಳಿಯಲು ಪ್ರದರ್ಶನದ ಸ್ವರೂಪ ಕಾರಣವಲ್ಲ. ಗೀಗೀ ಮೇಳದವನೂ ಹಾಡಿ ಆಡುತ್ತಾನೆ. ಕಾರಣ ವಿದ್ವಾಂಸರು ಕೊಟ್ಟ ಹೆಸರು: 'ಆಟ' ಎಂದು ಕರೆದದ್ದಕ್ಕೆ ಸಂಭಾಷಣೆಯಿತ್ತು, 'ಪದ' ಎಂದು ಕರೆದದ್ದಕ್ಕೆ ಇರಲಿಲ್ಲ.

3. ಮಾತಿನ ನಾಲ್ಕು ಬಗೆ

ಹಾಡಿಕೆಯಲ್ಲಿ ಕೇಳಿಬರುವ ಮಾತು ಏಕರೂಪದ್ದಲ್ಲ. ಕೆಲಸವನ್ನು ನೋಡಿ ಅದನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಪೀಠಿಕೆಯ ಮಾತು. ಇದರಲ್ಲಿ ಮುಂದಾಳು ತನ್ನ ಊರು, ಮೇಳ, ಗುರುಗಳನ್ನು ಹೇಳಿ ನೆರೆದವರನ್ನು 'ದೈವ' ಎಂದು ಸಂಬೋಧಿಸುತ್ತಾನೆ. ಈ ಸೀಮೆಯ ಕನ್ನಡದಲ್ಲಿ 'ದೈವ' ಎಂದರೆ ಕೂಡಿದ ಊರಮಂದಿ. ತೀರ್ಪು ಕೊಡುವ ಅಧಿಕಾರವುಳ್ಳ ಸಭೆ ಎಂಬ ಛಾಯೆಯೂ ಅದಕ್ಕಿದೆ. 'ಕೇಳುಗರು' ಎಂಬ ಶಿಷ್ಟಪದ ಆ ಛಾಯೆಯನ್ನು ಹಿಡಿಯಲಾರದು.

ಎರಡನೆಯದು ಅರ್ಥದ ಮಾತು. ಹಾಡಿದ ನುಡಿಯನ್ನು ಆಡುನುಡಿಯಲ್ಲಿ ಬಿಡಿಸುವುದು ಇದರ ಕೆಲಸ. ಮಠಗಳ ಪುರಾಣ ಪ್ರವಚನದಲ್ಲಿ ಷಟ್ಪದಿಯನ್ನು ಹಾಡಿ ಅರ್ಥ ಹೇಳುವ ಪರಿಪಾಠಕ್ಕೂ ಇದಕ್ಕೂ ನಂಟಿದೆ. 'ಏನಂದ್ರ', 'ಅಂದ್ರೇನು', 'ಏನಂತಾನ' ಎಂಬ ಉಕ್ತಿಸೂಚಕಗಳು ಇದರ ಕೀಲುಗಳು.

ಮೂರನೆಯದು ಸವಾಲಿನ ಮಾತು. ಹರದೇಶಿ–ನಾಗೇಶಿ ಮೇಳಗಳಲ್ಲಿ ಒಂದು ಗಂಡಿನ ಅಥವಾ ಶಿವನ ಹೆಚ್ಚಳವನ್ನೂ ಇನ್ನೊಂದು ಹೆಣ್ಣಿನ ಅಥವಾ ಶಕ್ತಿಯ ಹೆಚ್ಚಳವನ್ನೂ ಎತ್ತಿಹಿಡಿದು ಎದುರುಬದುರಾಗುತ್ತವೆ. ಪಾರಿಜಾತದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಭಾಗವತನು ಹೆಸರು, ಊರು, ಬಂದ ಕಾರಣಗಳನ್ನು ಕೇಳುತ್ತಾನೆ; ಪಾತ್ರ ಮಾತಿನಲ್ಲಿ ಉತ್ತರಿಸುತ್ತದೆ.

ನಾಲ್ಕನೆಯದು ಹೂಂಗುಟ್ಟುವ ಮಾತು. ಹಿಮ್ಮೇಳದವನ 'ಹಾಂ', 'ಹೌದು', 'ಭಲೇ' ಎಂಬ ಉದ್ಗಾರಗಳು ಕೇವಲ ಪ್ರೋತ್ಸಾಹವಲ್ಲ. ಮುಂದಾಳಿನ ವಾಕ್ಯ ಎಲ್ಲಿ ತುಂಡಾಗುತ್ತದೆ, ಎಲ್ಲಿ ಉತ್ತರಕ್ಕೆ ಎಡೆಯಿದೆ ಎಂಬುದನ್ನು ಅವು ಗುರುತಿಸುತ್ತವೆ. ಈ ಎಡೆ ಹಾಡಿಕೆಗೆ ಮಾತ್ರ ಸೀಮಿತವೂ ಅಲ್ಲ. 2019ರ ವಿಧಾನಸಭಾ ಉಪಚುನಾವಣೆಯ ಕಾಲದಲ್ಲಿ ಕಾಗವಾಡ ಕ್ಷೇತ್ರದ ಪ್ರಚಾರಸಭೆಯಲ್ಲಿ ಸಿದ್ದರಾಮಯ್ಯನವರು ಭಾಷಣ ಮಾಡುತ್ತಿದ್ದಾಗ ಕೇಳುಗನೊಬ್ಬ ಕೂಗಿದ 'ಹೌದು ಹುಲಿಯಾ' ಎಂಬ ಉದ್ಗಾರ ನಾಡಿನಾದ್ಯಂತ ಹಬ್ಬಿತು. ಬೇರೆಡೆಯ ಜನಕ್ಕೆ ಅದು ನಗೆಯ ತುಣುಕಾಗಿ ಕಂಡಿತು. ಹಾಡಿಕೆ ಬಲ್ಲವರಿಗೆ ಅದರ ಜಾಗ ಪರಿಚಿತ: ಮುಂದಾಳು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವ ಗಳಿಗೆಯಲ್ಲಿ ಹಿಮ್ಮೇಳ ತುಂಬುವ ಜಾಗ ಅದು.

ಗಾಫ್‌ಮನ್ 1979ರಲ್ಲಿ ಮಂಡಿಸಿದ 'ನೆಲೆ'ಯ ಪರಿಕಲ್ಪನೆಯನ್ನು ಬಳಸಿ ಹೇಳುವುದಾದರೆ, ಈ ನಾಲ್ಕು ಬಗೆಗಳಲ್ಲಿಯೂ ಆಡುವವನ ನೆಲೆ ಬದಲಾಗುತ್ತದೆ. ಹಾಡುವಾಗ ಅವನು ಗುರುಪರಂಪರೆಯಿಂದ ಬಂದ ಪದಕ್ಕೆ ದನಿಯಾಗುತ್ತಾನೆ. ಪದದ ಕರ್ತೃ ಅಂಕಿತದಲ್ಲಿ ಹೆಸರಿಸಲ್ಪಟ್ಟ ಬೇರೊಬ್ಬನಾಗಿರಬಹುದು. ಮಾತಿಗಿಳಿದೊಡನೆ ನುಡಿಯ ಹೊಣೆ ಅವನದೇ ಆಗುತ್ತದೆ. ದೈವ ತಪ್ಪು ಹಿಡಿದರೆ ಅವನನ್ನೇ ಹಿಡಿಯುತ್ತದೆ.

4. ಎರಡು ವ್ಯಾಕರಣಗಳ ಸಾಮೀಪ್ಯ

ಅರ್ಥದ ಮಾತು ಭಾಷಾವಿಜ್ಞಾನಿಗೆ ಒದಗಿಸುವ ಸೌಲಭ್ಯ ಅಪರೂಪದ್ದು. ಒಂದೇ ಬಾಯಿಂದ, ಕೆಲವೇ ಕ್ಷಣಗಳ ಅಂತರದಲ್ಲಿ, ಒಂದೇ ಸಂಗತಿಯ ಹಾಡಿದ ರೂಪವೂ ಆಡಿದ ರೂಪವೂ ದೊರೆಯುತ್ತವೆ. ಪ್ರಶ್ನಾವಳಿ ಹಿಡಿದು ಹೋದ ಸಂಶೋಧಕನಿಗೆ ಇಂಥ ಜೋಡಿ ಸಿಗುವುದು ಕಷ್ಟ. ಕೆಳಗಿನ ವಾಕ್ಯಗಳು ಯಾವ ಪದದಿಂದಲೂ ಎತ್ತಿದವಲ್ಲ. ಧಾರವಾಡ ಕನ್ನಡದ ರೂಪಗಳನ್ನು ತೋರಿಸಲು ಕಟ್ಟಿಕೊಂಡ ಮಾದರಿಗಳು.

(ಅ) ಹಾಡು: ಬಂದಾನೋ ತಮ್ಮಾ, ಅರಸ ಬಂದಾನೋ ಊರಿಗೆ
(ಆ) ಮಾತು: ಏನಾತ್ರೀ ಅಂದ್ರ, ಆ ಅರಸ ಊರಿಗೆ ಬಂದಾನ್ರೀ, ಬಂದು ಅಗಸ್ಯಾಗ ನಿಂತಾನ.

4.1. ಕ್ರಿಯಾರೂಪ. ಶಿಷ್ಟ ಕನ್ನಡದಲ್ಲಿ 'ಬಂದಾನು' ಸಂಭಾವನಾರ್ಥಕ: ಅವನು ಬರಬಹುದು ಎಂದರ್ಥ. ಧಾರವಾಡ ಕನ್ನಡದಲ್ಲಿ 'ಬಂದಾನ' ಎಂದರೆ 'ಬಂದಿದ್ದಾನೆ'. ಒಂದು ಇನ್ನೂ ನಡೆಯದ ಸಂಗತಿ, ಇನ್ನೊಂದು ನಡೆದು ಫಲ ಉಳಿದಿರುವ ಸಂಗತಿ. ಆಡುವಾಗ ಎರಡನ್ನೂ ಪದಾಂತ್ಯದ ಸ್ವರ ಬೇರ್ಪಡಿಸುತ್ತದೆ. ಹಾಡುವಾಗ ಆ ಸ್ವರದ ಮೇಲೆಯೇ ತಾಳದ ಒತ್ತಡ ಬಿದ್ದು, 'ಓ'ಕಾರ ಸೇರಿ, 'ಬಂದಾನೋ' ಎಂಬ ಒಂದೇ ರೂಪ ಕೇಳಿಸುತ್ತದೆ. ಅಚ್ಚಾದ ಪದವನ್ನು ಮೈಸೂರು ಸೀಮೆಯ ಓದುಗ ಓದಿದರೆ ಅರಸ ಬರುವನೋ ಏನೋ ಎಂಬ ಶಂಕೆಯನ್ನು ಅದರಲ್ಲಿ ಕಾಣಲು ಅವಕಾಶವಿದೆ. ಹಾಡುಗಾರನು ಹೇಳುತ್ತಿರುವುದು ಅರಸ ಬಂದಾಗಿದೆ ಎಂದು. ಮುಂದಿನ ಮಾತಿನ 'ಬಂದಾನ್ರೀ, ಬಂದು ಅಗಸ್ಯಾಗ ನಿಂತಾನ' ಎಂಬುದು ಸಂದೇಹವನ್ನು ಕಳೆಯುತ್ತದೆ: ಊರಬಾಗಿಲಲ್ಲಿ ನಿಂತಿರುವವನು ಬಂದೇ ಇದ್ದಾನೆ. ಮಾತನ್ನು ಕೈಬಿಟ್ಟು ಹಾಡನ್ನು ಮಾತ್ರ ಉಳಿಸಿಕೊಂಡವರು ಈ ನಿರ್ಣಾಯಕ ಸಾಕ್ಷ್ಯವನ್ನು ಕಳೆದುಕೊಳ್ಳುತ್ತಾರೆ. ಇಂಥ ರೂಪಗಳನ್ನು 'ತಿದ್ದಿ' ಶಿಷ್ಟಗೊಳಿಸುವ ಸಂಪಾದಕ 'ಬಂದಾನು' ಎಂದು ಬರೆದನೆಂದರೆ, ಕಾಗುಣಿತದ ತಿದ್ದುಪಡಿಯೆಂದು ತೋರುವ ಆ ಕೆಲಸ ಕಾಲಾರ್ಥವನ್ನೇ ಪಲ್ಲಟಿಸುತ್ತದೆ.

ಇದಕ್ಕೆ ಸೇರಿದ ಇನ್ನೊಂದು ವಿಷಯ ನಿರಂತರತೆಯ ರೂಪ. 'ಹತ್ತು' ಎಂಬ ಸಹಾಯಕ ಕ್ರಿಯೆಯಿಂದ ಆಗುವ 'ಮಾಡಾಕತ್ತಾನ', 'ಮಾಡ್ಲಿಕತ್ತಾನ' ಎಂಬ ರೂಪಗಳು ಈ ಸೀಮೆಯ ಕನ್ನಡದ ಗುರುತು. ಇವೆರಡರ ನಡುವಿನ ವ್ಯತ್ಯಾಸ, ಅಂದರೆ '–ಆಕ' ಮತ್ತು '–ಲಿಕ್ಕ' ಎಂಬ ಭಾವರೂಪಗಳ ಆಯ್ಕೆ, ಸಾಮಾಜಿಕವಾದುದು. ಧಾರವಾಡದ ಕನ್ನಡದಲ್ಲಿ ಜಾತಿಯನ್ನನುಸರಿಸಿ ನುಡಿ ಬೇರಾಗುವುದನ್ನು ವಿಲಿಯಂ ಮೆಕಾರ್ಮಾಕ್ 1960ರಷ್ಟು ಹಿಂದೆಯೇ ಚರ್ಚಿಸಿದ್ದರು. ಇಷ್ಟು ಉದ್ದದ ರೂಪಗಳಿಗೆ ಹಾಡಿನ ಸಾಲಿನಲ್ಲಿ ಸ್ಥಳ ಕಡಿಮೆ; 'ಅಳತಾಳ', 'ನಡದಾನ' ಎಂಬಂಥ ಅಡಕ ರೂಪಗಳೇ ಅಲ್ಲಿ ಸಲೀಸು. ಹಾಗಾಗಿ ಸಾಮಾಜಿಕ ಭೇದವನ್ನು ಹೊತ್ತ ರೂಪಗಳನ್ನು ಹುಡುಕುವವರು ಮಾತಿನ ಭಾಗಕ್ಕೇ ಬರಬೇಕು. ಪಾರಿಜಾತದ ಭಾಗವತನಂತಹವನು ಒಂದೇ ಇರುಳಿನಲ್ಲಿ ರಾಣಿಯೊಡನೆ, ಗೊಲ್ಲತಿಯೊಡನೆ, ದೈವದೊಡನೆ ಮಾತನಾಡುತ್ತ ಈ ರೂಪಗಳ ನಡುವೆ ಓಡಾಡಬೇಕಾಗುತ್ತದೆ. ಸಾಮಾಜಿಕ ಭಾಷಾವಿಜ್ಞಾನಕ್ಕೆ ಇದಕ್ಕಿಂತ ಸಮೃದ್ಧವಾದ ಕ್ಷೇತ್ರ ವಿರಳ.

4.2. ಪದಕ್ರಮ. ಕನ್ನಡ ಕ್ರಿಯಾಂತ್ಯ ಭಾಷೆ. ಆಡುಮಾತಿನಲ್ಲಿ ಕ್ರಿಯಾಪದದ ಬಳಿಕ ಪದವೊಂದು ಬರಬಹುದು: 'ಬಂದಾನ್ರೀ, ಊರಿಗೆ'. ಆಗ ಕ್ರಿಯಾಪದದ ಮೇಲೆ ವಾಕ್ಯ ಮುಗಿದು, ಸ್ವರ ಇಳಿದು, ಕೇಳುವವನಿಗೆ ಈಗಾಗಲೇ ತಿಳಿದಿರಬಹುದಾದ ಸಂಗತಿಯನ್ನು ಮತ್ತೊಮ್ಮೆ ಜ್ಞಾಪಿಸಿದಂತಾಗುತ್ತದೆ. (ಅ)ದ 'ಬಂದಾನೋ ಊರಿಗೆ' ಎಂಬಲ್ಲಿ ಅದೇ ಕ್ರಮವಿದ್ದರೂ ಆ ಅರ್ಥವಿಲ್ಲ. 'ಊರಿಗೆ' ಅಲ್ಲಿ ಕುಳಿತಿರುವುದು ಪ್ರಾಸಕ್ಕಾಗಿ, ಅಥವಾ ಸಾಲಿನ ಕೊನೆಯ ಗಣ ತುಂಬುವುದಕ್ಕಾಗಿ. ಅದು ಹೊಸ ಸಂಗತಿಯೂ ಆಗಿರಬಹುದು. ಹಾಡಿನ ಸಾಲುಗಳನ್ನೇ ಆಧಾರವಾಗಿಟ್ಟು ಉತ್ತರ ಕರ್ನಾಟಕದ ಕನ್ನಡದಲ್ಲಿ ಪದಕ್ರಮ ಸಡಿಲವೆಂದು ತೀರ್ಮಾನಿಸಿದರೆ ಛಂದಸ್ಸಿನ ಗುಣವನ್ನು ಭಾಷೆಯ ಗುಣವೆಂದು ಭ್ರಮಿಸಿದಂತಾಗುತ್ತದೆ. (ಆ) ಕ್ರಿಯಾಂತ್ಯಕ್ಕೆ ಮರಳುತ್ತದೆ. ಇದೇ ಕಾರಣಕ್ಕೆ ಹಾಡು–ಮಾತುಗಳ ಜೋಡಿಪಠ್ಯ ವಾಕ್ಯವಿಜ್ಞಾನಿಗೆ ಒರೆಗಲ್ಲು.

4.3. ಸಂಬೋಧನೆ. ಕನ್ನಡದ ಭಕ್ತಿಗೀತೆಯಲ್ಲಿ ದೇವರಿಗೆ 'ನೀ' ಎನ್ನುವುದು ರೂಢಿ. ಅರಸನಿಗೂ ಗುರುವಿಗೂ ಹಾಡಿನಲ್ಲಿ ಏಕವಚನವೇ ಸಲ್ಲುತ್ತದೆ. ಆ ಏಕವಚನದಲ್ಲಿ ಅಗೌರವವಿಲ್ಲ. ಮಾತಿಗಿಳಿದಾಗ ಸರ್ವನಾಮ ಬೇರೆಯಾಗಬಹುದು: ಪದದಲ್ಲಿ 'ಬಾರೋ' ಎಂದು ಕರೆಸಿಕೊಂಡ ಕೃಷ್ಣನನ್ನೇ ಭಾಗವತ 'ತಾವು ಯಾರ್ರೀ, ಎಲ್ಲಿಂದ ಬಂದ್ರಿ?' ಎಂದು ವಿಚಾರಿಸಬಹುದು. ಗೌರವನಿಪಾತ 'ರೀ' ವಾಕ್ಯದ ಯಾವ ಪದಕ್ಕಾದರೂ ಅಂಟಬಲ್ಲದು: 'ಹೌದ್ರೀ', 'ನಾಳೆರೀ', 'ಅವನರೀ'. ಎದುರಿಗೆ ಕೇಳುವವನೊಬ್ಬನಿಲ್ಲದೆ ಈ ನಿಪಾತಕ್ಕೆ ಬಾಳಿಲ್ಲ. ಹಾಡಿನಲ್ಲಿ 'ತಮ್ಮಾ', 'ನೋಡ', 'ಕೇಳ' ಎಂಬ ಸಂಬೋಧನೆಗಳಿವೆ. ಆದರೆ ಅವುಗಳಲ್ಲಿ ಬಹಳಷ್ಟು ಮಾತ್ರೆ ತುಂಬುವ ಪದಗಳಾಗಿ ಸವೆದಿವೆ. ಲಾವಣಿಯ 'ತಮ್ಮಾ' ಯಾರದೇ ತಮ್ಮನಲ್ಲ. ಮಾತಿನ 'ಯಪ್ಪಾ', 'ಯವ್ವಾ', 'ಅಣ್ಣಾರ', 'ಲೇ' ಎಂಬವು ಮುಂದೆ ಕುಳಿತ ವ್ಯಕ್ತಿಯ ವಯಸ್ಸು, ಲಿಂಗ, ಸಲಿಗೆಗಳನ್ನು ಲೆಕ್ಕಹಾಕಿ ಬರುತ್ತವೆ. ಸರ್ವನಾಮದ ವ್ಯಾಕರಣವನ್ನು ಹಾಡಿನಿಂದ ಮಾತ್ರ ಬರೆಯಹೊರಟರೆ ಈ ನುಡಿಯಲ್ಲಿ ಗೌರವಸೂಚಕಗಳೇ ವಿರಳವೆಂಬ ವಿಪರೀತ ಚಿತ್ರ ಮೂಡುತ್ತದೆ. ವಸ್ತುಸ್ಥಿತಿ ಇದಕ್ಕೆ ತೀರಾ ವಿರುದ್ಧ.

5. ಗಡಿ ಎಲ್ಲಿದೆ

ಇದುವರೆಗಿನ ಚರ್ಚೆ ಹಾಡು, ಮಾತು ಎಂಬ ಎರಡು ಖಚಿತ ವರ್ಗಗಳಿವೆಯೆಂದು ಭಾವಿಸಿ ನಡೆದಿದೆ. ಕಿವಿಗೆ ಬೀಳುವುದು ಅಷ್ಟು ಖಚಿತವಲ್ಲ. ಜಾರ್ಜ್ ಲಿಸ್ಟ್ 1963ರಲ್ಲಿ ತೋರಿಸಿದಂತೆ ಮಾತು ಮತ್ತು ಗೀತಗಳ ನಡುವೆ ಪಠಣ, ಏಕಸ್ವರದ ಉಚ್ಚಾರ ಮೊದಲಾದ ಅನೇಕ ಮಧ್ಯಸ್ಥಿತಿಗಳಿವೆ. ಡಯಾನಾ ಡಾಯ್ಚ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆಡಿದ ವಾಕ್ಯಖಂಡವೊಂದನ್ನು ಯಾವ ಮಾರ್ಪಾಡೂ ಇಲ್ಲದೆ ಮತ್ತೆ ಮತ್ತೆ ಕೇಳಿಸಿದಾಗ ಕೇಳುಗರಿಗೆ ಅದು ಹಾಡಾಗಿ ತೋರಿತು. ಅಂದರೆ ಗಡಿಯ ಒಂದಂಶ ಧ್ವನಿಯಲ್ಲಿಲ್ಲ, ಆಲಿಕೆಯಲ್ಲಿದೆ.

ಹಾಡಿಕೆಯವರು ಈ ಮಧ್ಯಸ್ಥಿತಿಗಳನ್ನು ಜಾಣ್ಮೆಯಿಂದ ದುಡಿಸಿಕೊಳ್ಳುತ್ತಾರೆ. ಮಾತು ಮುಗಿಯುತ್ತ ಬಂದಂತೆ ಕೊನೆಯ ಪದ ನಿಧಾನವಾಗಿ ಶ್ರುತಿಗೆ ಹತ್ತುತ್ತದೆ, ಸ್ವರ ಉದ್ದವಾಗುತ್ತದೆ, ಅದೇ ಪದ ಮುಂದಿನ ನುಡಿಯ ಮೊದಲ ಪದವೂ ಆಗುತ್ತದೆ. ಮಾತಿನ ಅಡಿಯಲ್ಲಿ ತುಂತುಣಿ ಅಥವಾ ಚೌಡಿಕೆಯ ತಂತಿ ಮೆಲ್ಲಗೆ ಮಿಡಿಯುತ್ತಿದ್ದರೆ 'ಹಾಡು ಇನ್ನೂ ನಡೆದಿದೆ' ಎಂಬ ಸೂಚನೆ. ವಾದ್ಯ ಪೂರ್ಣ ನಿಂತರೆ ಮಾತಿಗೆ ಬಿಡುವು ಹೆಚ್ಚು. ಆದ್ದರಿಂದ ಲಿಪ್ಯಂತರದಲ್ಲಿ 'ಪದ', 'ಮಾತು' ಎಂಬ ಎರಡೇ ತಲೆಬರಹಗಳು ಸಾಲವು. ಪಠ್ಯದ ಜೊತೆಗೆ ವಾದ್ಯ ಇದೆಯೋ ಇಲ್ಲವೋ, ಶ್ರುತಿಗೆ ಏರುವ ಪದ ಯಾವುದು ಎಂಬುದನ್ನೂ ಗುರುತಿಸಬೇಕು.

ಇನ್ನೊಂದು ಎಚ್ಚರವೂ ಬೇಕು. ಈ ಮಾತು ಮನೆಯ ಜಗುಲಿಯ ಮಾತಲ್ಲ. ಡೆಲ್ ಹೈಮ್ಸ್ ಮತ್ತು ರಿಚರ್ಡ್ ಬೌಮನ್ 1970ರ ದಶಕದಲ್ಲಿ ವಿವರಿಸಿದ ಅರ್ಥದಲ್ಲಿ ಇದು ಪ್ರದರ್ಶನ: ಆಡುವವನು ತನ್ನ ನುಡಿಯ ಸೊಗಸಿಗೆ ಸಭೆಯೆದುರು ಹೊಣೆ ಹೊರುತ್ತಾನೆ. ಪುರಾಣದ ಸಂಸ್ಕೃತಪದಗಳು, ಗಾದೆ, ಒಗಟು, ಬೇಕೆಂದೇ ಹಳ್ಳಿಗತನವನ್ನು ಮೆರೆಸುವ ರೂಪಗಳು ಇದರಲ್ಲಿ ತುಂಬಿರುತ್ತವೆ. ಇದನ್ನು ಸಹಜ ಸಂಭಾಷಣೆಯ ದಾಖಲೆಯೆಂದು ನೇರವಾಗಿ ಬಳಸುವುದು ಇನ್ನೊಂದು ಬಗೆಯ ಅವಸರ. ಅರ್ಥದ ಮಾತಿನ ರೂಪಗಳನ್ನು ದಿನಬಳಕೆಯ ಮಾತಿನೊಡನೆ ತಾಳೆನೋಡಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು. ಪ್ರದರ್ಶನದ ಮಾತು ಹಾಡಿಗಿಂತ ಬಿಡುಬೀಸಾಗಿದೆ, ಹರಟೆಗಿಂತ ಬಿಗಿಯಾಗಿದೆ. ಈ ಮಧ್ಯಸ್ಥಾನವೇ ಅದರ ಅಧ್ಯಯನಯೋಗ್ಯತೆ.

6. ಪ್ಲೇಟು, ರೇಡಿಯೊ, ಕ್ಯಾಸೆಟ್

ಹಾಡಿನಲ್ಲಿ ಮಾತಿಗೆಷ್ಟು ಜಾಗ ಎಂಬುದನ್ನು 20ನೆಯ ಶತಮಾನದಲ್ಲಿ ಯಂತ್ರಗಳೂ ನಿರ್ಧರಿಸಿವೆ. ನ
ಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು 3 ನಿಮಿಷ. ಇರುಳಿಡೀ ನಡೆಯುವ ಹಾಡಿಕೆಯನ್ನು ಆ ಅಳತೆಗೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಮಾತಿಗೆ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಈ ಸೀಮೆಯ ಹಾಡುಗಾರರಿಗೆ ತಮ್ಮ ನುಡಿಯಲ್ಲಿಯೇ ಬಾನುಲಿ ದೊರೆಯಿತು. ಆದರೆ ಸ್ಟುಡಿಯೊದಲ್ಲಿ ದೈವವಿಲ್ಲ. ಎದುರಿಗೆ ಹೂಂಗುಟ್ಟುವವರಿಲ್ಲದಿದ್ದರೆ ಸವಾಲಿನ ಮಾತೂ ಪೀಠಿಕೆಯ ಮಾತೂ ಒಣಗುತ್ತವೆ. ಕ್ಯಾಸೆಟ್ಟು ಬಂದಾಗ ಮಗ್ಗುಲಿಗೆ 30 ನಿಮಿಷದ ಅವಕಾಶ ದೊರೆತು ಮಾತು ಮರಳಿತು. ಇಂದು ಯೂಟ್ಯೂಬಿನಲ್ಲಿ ಹರಿದಾಡುವ ಉತ್ತರ ಕರ್ನಾಟಕದ ಜಾನಪದ ಶೈಲಿಯ ಹೊಸ ಹಾಡುಗಳಲ್ಲಿ ಆರಂಭದಲ್ಲಿಯೇ ಸಾಹಿತ್ಯ ಬರೆದವರ, ಹಾಡಿದವರ, ಊರಿನ ಹೆಸರನ್ನು ಮಾತಿನಲ್ಲಿ ಕೂಗಿ ಹೇಳುವುದುಂಟು. ಲಾವಣಿಯ ಕೊನೆಯ ನುಡಿಯಲ್ಲಿ ಹಾಡಾಗಿ ಬರುತ್ತಿದ್ದ ಅಂಕಿತ ಈಗ ಹಾಡಿನ ತಲೆಬಾಗಿಲಿಗೆ ಬಂದು ಮಾತಾಗಿದೆ. ಕರ್ತೃತ್ವವನ್ನು ಸಾರುವ ಕೆಲಸ ಒಂದೇ. ಅದನ್ನು ಹೊರುವ ಮಾಧ್ಯಮ ಬೇರೆ.

ಚಲನಚಿತ್ರದ ದಾರಿ ಬೇರೆಯದು. ಬಹುಕಾಲ ಕನ್ನಡ ಚಿತ್ರಗಳಲ್ಲಿ ಧಾರವಾಡದ ಮಾತು ಹಾಸ್ಯಪಾತ್ರದ ಗುರುತಾಗಿತ್ತು. ನಾಯಕ ಹಾಡುವ ಗೀತೆ ಶಿಷ್ಟ ಕನ್ನಡದಲ್ಲಿರುತ್ತಿತ್ತು. ಹೀಗೆ ಹಾಡು–ಮಾತಿನ ಗಡಿ ನುಡಿಬಗೆಗಳ ಮೇಲುಕೀಳಿನ ಗಡಿಯೂ ಆಯಿತು. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರವೂ ಸಿ. ಅಶ್ವತ್ಥರ ಶರೀಫ ಗೀತೆಗಳೂ ಈ ಸೀಮೆಯ ನುಡಿಯನ್ನು ನಾಡಿನ ಎಲ್ಲೆಡೆ ಗಂಭೀರ ಗೀತದ ನುಡಿಯಾಗಿ ಕೇಳಿಸಿದವು. ಇದು ಸಣ್ಣ ಸಾಧನೆಯಲ್ಲ. ಆದರೂ ಗಮನಿಸಬೇಕಾದ್ದು: ಆ ಮನ್ನಣೆ ದೊರೆತದ್ದು ಮತ್ತೆ ಹಾಡಿಗೆ. ಅರ್ಥ ಹೇಳುವ ಮಾತು, ಶರೀಫರ ಪದಗಳನ್ನು ಭಜನೆಯ ಮೇಳದಲ್ಲಿ ಕೇಳುವಾಗ ಜೊತೆಗೆ ಬರುವ ಒಡಪು, ವಿವರಣೆಗಳು ಆ ಮನ್ನಣೆಯ ಹೊರಗೇ ಉಳಿದವು.

7. ಆಕ್ಷೇಪಗಳು ಮತ್ತು ಸೂಚನೆಗಳು

ಮಾತಿನ ಭಾಗವನ್ನು ಪಠ್ಯದೊಳಗೆ ತರುವುದಕ್ಕೆ ಎರಡು ಆಕ್ಷೇಪಗಳು ಸಹಜ. ಮೊದಲನೆಯದು: ಮಾತು ಇರುಳಿನಿಂದ ಇರುಳಿಗೆ ಬದಲಾಗುತ್ತದೆ, ಸ್ಥಿರಪಾಠವಿಲ್ಲದ್ದನ್ನು ಸಂಪಾದಿಸುವುದು ಹೇಗೆ? ಹಾಡೂ ಬದಲಾಗುತ್ತದೆ ಎಂಬುದು ಇದಕ್ಕೆ ಉತ್ತರ. ಲಾವಣಿಯ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಪದ್ಧತಿ ನಮ್ಮಲ್ಲಿದೆ. ಮಾತಿನ ಬದಲಾವಣೆ ಇನ್ನೂ ಹೆಚ್ಚಾದುದರಿಂದ ಅದನ್ನು ಪಾಠಾಂತರವೆಂದಲ್ಲದೆ, ದಿನಾಂಕ ಮತ್ತು ಸ್ಥಳ ಗುರುತಿಸಿದ ಪ್ರತ್ಯೇಕ ಪಾಠವೆಂದು ದಾಖಲಿಸಬೇಕು. ಎರಡನೆಯದು: ಮಾತಿನಲ್ಲಿ ಕಲೆಯಿಲ್ಲ, ಅದು ಉಸಿರಾಡಲು ತೆಗೆದುಕೊಂಡ ಬಿಡುವು. ಸವಾಲಿಗೆ ತಕ್ಕ ಉತ್ತರ ಹೊಳೆಯದೆ ತಡವರಿಸಿದ ಮೇಳದ ಗತಿಯನ್ನು ಕಂಡವರು ಹೀಗೆ ಹೇಳಲಾರರು. ಕಂಠವೊಂದನ್ನೇ ಅಲ್ಲ, ಮಾತುಗಾರಿಕೆಯನ್ನೂ ದೈವ ತೂಗುತ್ತದೆ.

ಕ್ಷೇತ್ರಕಾರ್ಯಕ್ಕೆ ತೊಡಗುವ ಸಂಶೋಧನ ವಿದ್ಯಾರ್ಥಿಗಳಿಗೆ ಇದರಿಂದ ಕೆಲವು ಸೂಚನೆಗಳು ಹೊರಡುತ್ತವೆ. ಧ್ವನಿಗ್ರಹಣವನ್ನು ಹಾಡು ನಿಂತಾಗ ನಿಲ್ಲಿಸಬಾರದು. ನಾಲ್ಕು ಬಗೆಯ ಮಾತನ್ನು ಬೇರೆಬೇರೆಯಾಗಿ ಗುರುತುಹಾಕಬೇಕು. ಹಿಮ್ಮೇಳದ ಉದ್ಗಾರವನ್ನು ಅದು ಬಿದ್ದ ಜಾಗದಲ್ಲಿಯೇ ಬರೆಯಬೇಕು, ಏಕೆಂದರೆ ವಾಕ್ಯದ ಕೀಲು ಅಲ್ಲಿದೆ. 'ಬಂದಾನ', 'ಮನಿ', 'ಊರಾಗ' ಎಂಬ ರೂಪಗಳನ್ನು ಶಿಷ್ಟಕ್ಕೆ ತಿದ್ದದೆ ಬರೆಯಬೇಕು. ಹಾಡಿದ ನುಡಿಯನ್ನೂ ಅದರ ಅರ್ಥದ ಮಾತನ್ನೂ ಎದುರುಬದುರು ಅಂಕಣಗಳಲ್ಲಿ ಅಚ್ಚಿಸಿದರೆ, ವ್ಯಾಕರಣ ಬರೆಯುವವರಿಗೂ ಕಾವ್ಯ ಓದುವವರಿಗೂ ಒಂದೇ ಪುಟದಿಂದ ಪ್ರಯೋಜನ.

ಹಳೆಯ ಕ್ಯಾಸೆಟ್ಟುಗಳ ಸುರುಳಿ ಅಂಟಿಕೊಂಡು ಹಾಳಾಗುತ್ತಿರುವ ಕಾಲವಿದು. ಅವುಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ಅಲ್ಲಲ್ಲಿ ನಡೆಯುವಾಗ ಹಾಡುಗಳನ್ನು ಬಿಡಿಬಿಡಿ ಕಡತಗಳಾಗಿ ಕತ್ತರಿಸಿ, ನಡುವಿನ ಮಾತನ್ನು 'ಖಾಲಿ ಜಾಗ'ವೆಂದು ಅಳಿಸಿಬಿಡುವ ಅಪಾಯ ದೊಡ್ಡದು. ಪ್ಲೇಟಿನ ಕಾಲದಲ್ಲಿ ಮಾತು ಬಿಟ್ಟುಹೋದದ್ದಕ್ಕೆ ಸ್ಥಳಾಭಾವವೆಂಬ ಕಾರಣವಾದರೂ ಇತ್ತು. ಇಂದು ಆ ಕಾರಣವಿಲ್ಲ. ಗೀಗೀ ಮೇಳದ ಮುಂದಾಳು ದೈವದ ಕಡೆಗೆ ತಿರುಗಿ ಆಡಿದ ಮಾತನ್ನು, ಪಂಪನ ಗದ್ಯಕ್ಕೆ ಸಲ್ಲಿಸುವ ಅದೇ ಎಚ್ಚರದಿಂದ, ಪಠ್ಯದ ಭಾಗವೆಂದು ಉಳಿಸಿಕೊಳ್ಳುವುದು ಈ ಸೀಮೆಯ ಭಾಷಾಧ್ಯಯನದ ಮುಂದಿರುವ ತುರ್ತಿನ ಕೆಲಸ.